ಸಸಿಗೆ ನೀರುಣಿಸುವ ಮಡಕೆ

ಪ್ರಶ್ನೆ: ತೋಟದಂಚಿನ ಬಾಣೆಯಲ್ಲಿ (ಸೊಪ್ಪು-ಸೌದೆಗೆ ಬಿಟ್ಟ ಜಾಗ) ನಂದಿ, ನೇರಳೆ, ಅತ್ತಿ ಸಸಿ ನೆಟ್ಟು, ಬುಡದಲ್ಲಿ ಮಡಕೆ ಹೂತಿದ್ದೇವೆ. ಊರಿನ ಹಿರಿಯ ಕುಂಬಾರರು ಇದಕ್ಕೆಂದೇ ಮಾಡಿಕೊಡುತ್ತಿದ್ದ ಮಡಕೆಗಳಲ್ಲಿ ಗಿಡ ಉಳಿಯುತ್ತಿತ್ತು. ಅವರು ತೀರಿಕೊಂಡ ಮೇಲೆ ಪೇಟೆಯಿಂದ ತಂದವುಗಳಲ್ಲಿ ನೀರು ಇಳಿಯುವುದೇ ಇಲ್ಲ. ಯಾಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಸಸಿಯನ್ನು ಬದುಕಿಸುವುದು ಮಡಕೆಯ ಗೋಡೆಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳು; ಅವುಗಳ ಮೂಲಕ ನೀರು ನಿಧಾನವಾಗಿ ಸುತ್ತಲ ಮಣ್ಣಿಗೆ ಒಸರುತ್ತದೆ. ಬಣ್ಣ, ವಾರ್ನಿಶ್ ಬಳಿದರೆ ಅವು ಮುಚ್ಚಿಹೋಗುತ್ತವೆ. ಅತಿಯಾಗಿ ಸುಟ್ಟರೆ ಮಣ್ಣಿನ ಕಣಗಳು ಬೆಸೆದುಕೊಂಡು ನೀರು ಒಳಗೇ ನಿಲ್ಲುತ್ತದೆ. ಸುಡುವುದು ಕಡಿಮೆಯಾದರೆ ಮಡಕೆ ತೇವಕ್ಕೆ ಕರಗಿ ಕುಸಿಯುತ್ತದೆ. ಈ ಹದ ನಿಮ್ಮ ಹಿರಿಯರ ಕೈಯಲ್ಲಿತ್ತು.

ಆದ್ದರಿಂದ ಅಂಗಡಿ ಬಿಡಿ, ಕುಂಬಾರರಿಗೇ ಹೇಳಿ ಮಾಡಿಸಿ. ಐದಾರು ಲೀಟರ್ ಹಿಡಿಯುವ, ಕಿರಿದಾದ ಬಾಯಿಯ, ಬಣ್ಣವಿಲ್ಲದ ಮಡಕೆ ಬೇಕು. ಜರಡಿ ಹಿಡಿದ ಮರದ ಹೊಟ್ಟನ್ನು ಜೇಡಿಗೆ ಸ್ವಲ್ಪ ಬೆರೆಸಿದರೆ ಸುಡುವಾಗ ಅದು ಉರಿದುಹೋಗಿ ರಂಧ್ರ ಉಳಿಯುತ್ತದೆ. ಹೆಚ್ಚಾದರೆ ಗೋಡೆ ಪುಡಿಯಾಗುತ್ತದೆ. ಹೂಳುವ ಮೊದಲು ನೀರು ತುಂಬಿ ನೆರಳಲ್ಲಿಡಿ. ಮಾರನೆಯ ದಿನಕ್ಕೆ ಹೊರಮೈ ಒದ್ದೆಯಾಗಿದ್ದರೆ ಸರಿ; ಹನಿ ತೊಟ್ಟಿಕ್ಕಿದರೆ ಬಿರುಕಿದೆ.

ಬುಡದಿಂದ ಒಂದು ಅಡಿಯೊಳಗೆ, ಬೇರು ಕಡಿಯದಂತೆ, ಕತ್ತಿನವರೆಗೆ ಹೂಳಿ. ಸುತ್ತ ಸಡಿಲ ಮಣ್ಣು ತುಂಬಿ ಒತ್ತಿ. ಗಾಳಿಯ ಸಂದು ಉಳಿದರೆ ನೀರು ಮಣ್ಣಿಗೆ ದಾಟುವುದಿಲ್ಲ. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಮುಚ್ಚಳ ಬೇಕೇ ಬೇಕು. ಅರ್ಧ ಖಾಲಿಯಾದಾಗ ಮತ್ತೆ ತುಂಬಿ. ತೋಡಿನ ಕೆಸರುನೀರನ್ನು ಬಟ್ಟೆಯಲ್ಲಿ ಸೋಸದೆ ಹಾಕಿದರೆ ರಂಧ್ರ ಕಟ್ಟುತ್ತದೆ. ಆಗ ಮಡಕೆ ತೆಗೆದು ತೆಂಗಿನ ನಾರಿನಿಂದ ಉಜ್ಜಬೇಕು. ಡಿಸೆಂಬರ್‌ನಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಚೆನ್ನಾಗಿ ಬೀಳುವವರೆಗೆ ಇದರ ಕೆಲಸ. ಜೂನ್‌ಗೆ ಮುಂಚೆ ಕಿತ್ತು ಒಳಗಿಡಿ. ಕೊಡಗಿನ ಮಳೆಯಲ್ಲಿ ಬುಡಕ್ಕೆ ಇನ್ನಷ್ಟು ನೀರು ಸೇರಿದರೆ ಬೇರು ಕೊಳೆಯುತ್ತದೆ.

ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ 1970ರ ದಶಕದಲ್ಲೇ ಮಡಕೆ ನೀರಾವರಿಯನ್ನು ಪರೀಕ್ಷಿಸಿತ್ತು.

ಪ್ರಶ್ನೆ: ಆ ಕುಂಬಾರರ ಮೊಮ್ಮಗನಿಗೆ ಚಕ್ರ ಹಿಡಿಯುವ ಆಸೆ. ದಾರಿ ಏನು?

ಉತ್ತರ: ಇದು ನಿಜಕ್ಕೂ ಸಂತೋಷದ ಮಾತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು: ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಹೆಸರು ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ.

ಆದರೆ ಅಜ್ಜ ಯಾವ ಗದ್ದೆಯ ಜೇಡಿ ತರುತ್ತಿದ್ದರು, ಮರಳು ಎಷ್ಟು ಬೆರೆಸುತ್ತಿದ್ದರು, ಆವಿಗೆಗೆ ಯಾವ ಸೌದೆ ಹಾಕುತ್ತಿದ್ದರು ಎಂಬುದನ್ನು ಯಾವ ತರಬೇತಿಯೂ ಕಲಿಸದು. ಜೊತೆಗೆ ದುಡಿದ ಮನೆಯವರನ್ನು ಈಗಲೇ ಕೇಳಿ ಬರೆದಿಡಿ. ಅವರ ಹಳೆಯ ಮಡಕೆ ಒಂದೆರಡನ್ನು ಒಡೆಯದೆ ಮಾದರಿಗೆ ಕೊಡಿ. ಹುಡುಗ ತನ್ನದನ್ನೂ ಅದನ್ನೂ ಪಕ್ಕಪಕ್ಕ ನೀರು ತುಂಬಿಟ್ಟು, ಯಾವುದು ಎಷ್ಟು ಬೇಗ ಒಸರುತ್ತದೆ ಎಂದು ನೋಡಲಿ.