‘ಟೌನ್’ ಅಂದರೆ ಮೊದಲು ಬೇಲಿ

ವಿರಾಜಪೇಟೆ ಕಡೆಯಲ್ಲಿ ಎಲ್ಲರೂ ‘ಟೌನ್‌ಗೆ ಹೋಗಿ ಬರ್ತೀನಿ’ ಅಂತಾರೆ, ಈ ಪದಕ್ಕೆ ಮೊದಲಿಂದಲೂ ಪೇಟೆ ಅಂತಲೇ ಅರ್ಥವಾ ಅಂತ ಕೇಳಿದ್ದೀರಿ. ಅಲ್ಲ ಸರ್. ಹಳೆಯ ಇಂಗ್ಲಿಷ್‌ನಲ್ಲಿ ಇದು ‘ಟೂನ್’. ಬೇಲಿ ಹಾಕಿದ ಜಾಗ ಅಂತ ಅರ್ಥ. ಇದರ ಸೋದರ ಪದಕ್ಕೆ ಜರ್ಮನ್‌ನಲ್ಲಿ ಇವತ್ತಿಗೂ ಬೇಲಿ ಅಂತಲೇ ಅರ್ಥ. ಡಚ್‌ನಲ್ಲಿ ತೋಟ! ಇಂಗ್ಲಿಷ್‌ನಲ್ಲಿ ಮಾತ್ರ ಅರ್ಥ ಬೆಳೀತಾ ಹೋಯಿತು. ಬೇಲಿಯೊಳಗಿನ ಮನೆ-ಹೊಲ, ಆಮೇಲೆ ನಾಲ್ಕು ಮನೆಯ ಹಳ್ಳಿ, ಕೊನೆಗೆ ಪೇಟೆ. ಕಿಂಗ್‌ಸ್ಟನ್‌ನಂಥ ಊರುಗಳ ಕೊನೆಯ ‘ಟನ್’ ಇದೇ ಪದ. ನಮ್ಮ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ), ಸುತ್ತಲಿನ ಗದ್ದೆ-ತೋಟ, ಅದಕ್ಕೊಂದು ಬೇಲಿ ಇದೆಯಲ್ಲ, ಆ ಕಾಲದ ಇಂಗ್ಲಿಷರು ಅದನ್ನೇ ಟೂನ್ ಅಂತಿದ್ದರು. ಅಂದರೆ ನೀವು ಟೌನ್‌ನಿಂದಲೇ ಟೌನ್‌ಗೆ ಹೋಗುತ್ತಿದ್ದೀರಿ!

‘ಡೌನ್‌ಟೌನ್’ ಬಗ್ಗೆಯೂ ಕೇಳಿದ್ದಿರಿ. ಅದು ಅಮೆರಿಕದ್ದು. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿ ಹಳೇ ಪೇಟೆ ಇತ್ತು, ಅಲ್ಲಿಗೆ ಹೋಗೋದು ‘ಕೆಳಗೆ’ ಹೋದಂತೆ. ಈಗ ಯಾವ ಊರಿನ ನಡುಪೇಟೆಗೂ ಹಾಗೇ ಹೇಳುತ್ತಾರೆ.

ನಮ್ಮ ‘ಕೇರಿ’ಯನ್ನೂ ಸ್ವಲ್ಪ ನೋಡಿ. 1681ರಲ್ಲಿ ಮುದ್ದುರಾಜ ಕಟ್ಟಿದ ‘ಮುದ್ದುರಾಜಕೇರಿ’ಯೇ ಮಡಿಕೇರಿ ಅಂತಾರೆ. ಬೇರೆ ಕಡೆ ಕೇರಿ ಅಂದರೆ ಒಂದು ಬೀದಿ. ಇಲ್ಲಿ ಅದೇ ಪದ ಕೊಡಗು ಜಿಲ್ಲೆಯ ಮುಖ್ಯ ಪಟ್ಟಣದ ಹೆಸರಲ್ಲಿ ಕೂತಿದೆ.