ಫುಟ್‌ಪಾತ್ ಕಲ್ಲಿಗೆ ಉಜ್ಜಿ ಕಾರಿನ ಟೈರಿನ ಪಕ್ಕ ತರಚಿದೆ, ಬದಲಿಸಲೇಬೇಕಾ?

ಬರೀ ಮೇಲಿನ ರಬ್ಬರ್ ತರಚಿದ್ದರೆ ಬೇಕಿಲ್ಲ. ಆದರೆ ಒಮ್ಮೆ ಹತ್ತಿರದಿಂದ ನೋಡಿ. ಟೈರ್ ತೊಳೆದು ಒಣಗಿಸಿ, ಮೊಬೈಲ್ ಟಾರ್ಚ್ ಹಿಡಿದು, ಕಿತ್ತ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ. ಒಳಗೂ ಕಪ್ಪು ರಬ್ಬರೇ ಕಂಡರೆ ಸಮಾಧಾನ. ಟೈರಿಗೆ ಬಲ ಕೊಡುವ ಒಳಗಿನ ದಾರದ ಎಳೆ ಇಣುಕಿದರೆ ಆ ಟೈರನ್ನು ಓಡಿಸಬೇಡಿ, ಸ್ಟೆಪ್ನಿ ಹಾಕಿಬಿಡಿ.

ನಿಜವಾಗಿ ಹೆದರಬೇಕಾದ್ದು ಗುಳ್ಳೆಗೆ. ರಸ್ತೆ ಗುಂಡಿಗೆ ಜೋರಾಗಿ ಬಿದ್ದಾಗ ಟೈರಿನ ಪಕ್ಕ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ, ಒಳಗಿನ ದಾರಗಳು ತುಂಡಾಗುತ್ತವೆ. ಆಮೇಲೆ ಅಲ್ಲಿ ಗಾಳಿಯನ್ನು ತಡೆಯಲು ಬರೀ ರಬ್ಬರ್ ಉಳಿಯುತ್ತದೆ, ಅದು ಉಬ್ಬಿಕೊಳ್ಳುತ್ತದೆ. ಹೈವೇಯಲ್ಲಿ ಬಿಸಿಯಾದಾಗ ಸಿಡಿಯಬಹುದು. ಗಾಳಿ ಕಡಿಮೆ ಇದ್ದರೆ ಹೀಗಾಗೋದು ಜಾಸ್ತಿ.

ಉಬ್ಬಿನ ಬದಲು ಸಣ್ಣ ತಗ್ಗು ಗೆರೆ ಕಂಡರೆ ಸಾಮಾನ್ಯವಾಗಿ ಅದು ದಾರದ ಪದರಗಳು ಕೂಡುವ ಜಾಗ, ತೊಂದರೆಯಿಲ್ಲ.

ಪಕ್ಕದ ಪಂಕ್ಚರಿಗೆ ಪ್ಯಾಚ್ ಹಾಕ್ತೀನಿ ಅಂದರೆ ದಯವಿಟ್ಟು ಬೇಡ ಅನ್ನಿ. ಚಕ್ರ ತಿರುಗಿದಷ್ಟೂ ಆ ಭಾಗ ಮಡಚಿ ಬಿಚ್ಚುತ್ತಿರುತ್ತದೆ, ಪ್ಯಾಚ್ ನಿಲ್ಲುವುದಿಲ್ಲ. ಹೊಸದು ಹಾಕುವಾಗ ಅದರ ಜೋಡಿ ಟೈರ್ (ಎದುರು ಬದಿಯದು) ತುಂಬಾ ಸವೆದಿದ್ದರೆ ಎರಡನ್ನೂ ಬದಲಿಸಿ.