ಚಳಿಗಾಲದಲ್ಲಿ ಕ್ಯಾಮೆರಾಗೆ ಏನು ಕೆಲಸ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಳಿಗಾಲದ ಫೋಟೋ ಎಂದರೆ ಎಲ್ಲರೂ ಹಿಮ ಬಿದ್ದ ಬೆಟ್ಟ ತೋರಿಸುತ್ತಾರೆ. ನಮ್ಮಲ್ಲಿ ಇರುವುದು ಅಡಿಕೆ ತೋಟ, ಅಂಗಳ, ಗುಡ್ಡೆ. ಕೈಯಲ್ಲಿ ಮೊಬೈಲ್ ಮಾತ್ರ. ಡಿಸೆಂಬರಿನಲ್ಲಿ ಇಲ್ಲಿ ತೆಗೆಯುವಂಥದ್ದು ಏನಿದೆ?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಅಂಗಳವೇ ಸಾಕು, ಗಂಟೆ ಮಾತ್ರ ನೋಡಿಕೊಳ್ಳಿ. ಎಪ್ರಿಲ್ ಕೊನೆಯ ವಾರದಲ್ಲಿ ಕಾಸರಗೋಡಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅವನು ಏರುವುದು ಸುಮಾರು 54 ಡಿಗ್ರಿಯಷ್ಟೇ. ಹುಟ್ಟುವುದೂ ನೇರ ಪೂರ್ವಕ್ಕಿಂತ 24 ಡಿಗ್ರಿ ತೆಂಕಕ್ಕೆ ಸರಿದು. ಬೇಸಿಗೆಯಲ್ಲಿ ಬೆಳಗ್ಗೆ ಬಿಸಿಲು ಕಾಣದ ಮನೆಯ ತೆಂಕು ಬದಿಯ ಗೋಡೆಗೂ ಜಗಲಿಗೂ ಈಗ ಓರೆ ಬೆಳಕು ಬೀಳುತ್ತದೆ. ಸೂರ್ಯೋದಯವಾಗಿ ಒಂದು ಗಂಟೆಗೆ, ಅಂದರೆ ಆರೂ ಮುಕ್ಕಾಲರ ಉದಯಕ್ಕೆ ಏಳೂ ಮುಕ್ಕಾಲರ ಹೊತ್ತಿಗೆ, ನೆರಳು ವಸ್ತುವಿನ ಎತ್ತರದ ನಾಲ್ಕು ಪಟ್ಟಿಗಿಂತ ಉದ್ದವಿರುತ್ತದೆ. ಇನ್ನೊಂದು ಗಂಟೆ ಕಳೆದರೆ ಎರಡು ಪಟ್ಟು. ನಿಮಗೆ ಬೇಕಾದದ್ದು ಆ ನಡುವಿನ ಒಂದು ಗಂಟೆ.

ಅಂಗಳದಲ್ಲಿ ಹರಡಿದ ಅಡಿಕೆಯಿಂದ ಶುರು ಮಾಡಿ. ಚಾಲಿ (ಬಿಸಿಲಲ್ಲಿ ಒಣಗಿಸಿದ ಅಡಿಕೆ) ಆಗಲು ಸುಮಾರು 40-45 ದಿನದ ಬಿಸಿಲು ಬೇಕಲ್ಲ, ಅಷ್ಟು ದಿನವೂ ವಿಷಯ ಒಂದೇ, ಚಿತ್ರ ಬೇರೆ. ಮೊದಲ ವಾರ ಹಣ್ಣಡಿಕೆಯ ಕಿತ್ತಳೆ ಬಣ್ಣ ಇರುತ್ತದೆ. ಆಗ ತಾರಸಿಯಿಂದಲೋ ಏಣಿಯಿಂದಲೋ ನೇರ ಕೆಳಕ್ಕೆ ನೋಡಿ ತೆಗೆಯಿರಿ. ಸಿಪ್ಪೆ ಬೂದು ಬಣ್ಣಕ್ಕೆ ತಿರುಗಿದ ಮೇಲೆ ಬಣ್ಣದ ಆಸೆ ಬಿಡಿ. ಮೊಬೈಲನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು, ಬೆಳಕು ಎದುರಿನಿಂದ ಬರುವಂತೆ ಕೂತರೆ ಒಂದೊಂದು ಅಡಿಕೆಯ ಸುಕ್ಕೂ ಎದ್ದು ಕಾಣುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಸ್ವಲ್ಪ ಕೆಳಗೆ ಎಳೆಯಿರಿ. ಎರಡು ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಬೇಡಿ. ನಿಮ್ಮ ಮೊಬೈಲಿನಲ್ಲಿ ಪ್ರತ್ಯೇಕ 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಹತ್ತಿರ ಹೋಗಿ.

ತೋಟದೊಳಗಿನ ಬೆಳಕಿನ ಕೋಲುಗಳಿಗೆ ಬಚ್ಚಲೊಲೆಯ ಹೊಗೆ ಸಹಾಯ ಮಾಡುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಹಂಡೆಗೆ ಬೆಂಕಿ ಹಾಕಿದ ಹತ್ತು ನಿಮಿಷಕ್ಕೆ ಹೊಗೆ ಮರಗಳ ನಡುವೆ ಹಾಸಿಕೊಂಡಿರುತ್ತದೆ. ಸೂರ್ಯನಿಗೆ ಮುಖ ಮಾಡಿ ನಿಲ್ಲಬೇಕು, ಆದರೆ ಸೂರ್ಯ ಒಂದು ಮರದ ಹಿಂದೆ ಮರೆಯಾಗಿರಬೇಕು. ಬೆನ್ನು ಮಾಡಿ ನಿಂತರೆ ಕೋಲುಗಳು ಕಾಣುವುದೇ ಇಲ್ಲ. ಎಕ್ಸ್‌ಪೋಶರ್ ಮೈನಸ್ 1. ಆಟೋದಲ್ಲಿ ಬಿಟ್ಟರೆ ಮೊಬೈಲ್ ನೆರಳನ್ನೆಲ್ಲ ಬೆಳಗಿಸಿ ಚಿತ್ರ ಕೆಡಿಸುತ್ತದೆ.

ಇನ್ನೊಂದು ವಿಷಯ ಏತಡ್ಕದ ಕಡೆ ಇನ್ನೂ ಉಳಿದಿರುವ ಕಟ್ಟ. ತೋಡಿಗೆ ಅಡ್ಡಲಾಗಿ ಕಲ್ಲು-ಮಣ್ಣು ಹಾಕಿ ಊರವರು ಸೇರಿ ಕಟ್ಟುವ ಕೆಲಸ ನಡೆಯುವುದು ಈ ತಿಂಗಳುಗಳಲ್ಲೇ. ಮುಗಿದ ಕಟ್ಟಕ್ಕಿಂತ ಕೈಯಿಂದ ಕೈಗೆ ಮಣ್ಣು ಸಾಗುವ ಹೊತ್ತು ಚೆನ್ನ. ನೀರು ನಿಂತ ಮರುದಿನ ಬೆಳಗ್ಗೆ ಹೋದರೆ ತೋಟದ ಪ್ರತಿಬಿಂಬವೂ ಸಿಗುತ್ತದೆ.

ಪ್ರಶ್ನೆ: ಪಯಸ್ವಿನಿ ದಂಡೆಯ ಮಂಜು ಕಣ್ಣಿಗೆ ಬೆಳ್ಳಗೆ ಕಾಣುತ್ತದೆ, ಫೋಟೋದಲ್ಲಿ ಕೊಳಕು ಬೂದು. ಫೋಕಸ್ ಕೂಡ ಹಿಂದೆ ಮುಂದೆ ಓಡುತ್ತದೆ.
– ಕಾಲೇಜು ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಎರಡಕ್ಕೂ ಕಾರಣ ಮಂಜೇ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಮಟ್ಟದ ಬೂದು ಎಂದುಕೊಂಡು ಅಳೆಯುತ್ತದೆ. ಬಿಳಿ ತುಂಬಿದ ದೃಶ್ಯ ಕೊಟ್ಟರೆ ಅದನ್ನೂ ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರನ್ನು ಪ್ಲಸ್ 0.7ರಿಂದ ಪ್ಲಸ್ 1ರವರೆಗೆ ಏರಿಸಿ. ಹಿಸ್ಟೋಗ್ರಾಮಿನ (ಚಿತ್ರದ ಕಪ್ಪು-ಬಿಳಿ ಹಂಚಿಕೆ ತೋರಿಸುವ ನಕ್ಷೆ) ರಾಶಿ ಬಲಕ್ಕೆ ಸರಿಯಬೇಕು, ಬಲ ಅಂಚಿಗೆ ತಾಗಬಾರದು. ಆಟೋಫೋಕಸ್‌ಗೆ ಕಪ್ಪು-ಬಿಳಿಯ ಗಡಿ ಬೇಕು, ಮಂಜಿನಲ್ಲಿ ಅದು ಸಿಗುವುದಿಲ್ಲ. ಹತ್ತಿರದ ತೆಂಗಿನ ಕಾಂಡದ ಅಂಚಿಗೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಬದಲಿಸಿ.

ಬರೀ ಮಂಜನ್ನು ತೆಗೆದರೆ ಚಿತ್ರವಾಗದು. 10-15 ಮೀಟರ್ ದೂರದಲ್ಲಿ ಕಪ್ಪಗೆ ಕಾಣುವ ಒಂದು ವಸ್ತು ಬೇಕು: ದೋಣಿ, ಸಂಕ (ಕಾಲುಸೇತುವೆ), ಬಲೆ ಬೀಸುವವರು. ಅದರ ಹಿಂದಿನ ಮರಗಳು ಸಾಲುಸಾಲಾಗಿ ಮಾಸುತ್ತ ಹೋಗಲಿ. ವೈಡ್ ಲೆನ್ಸಿಗಿಂತ 100-200 ಎಂ.ಎಂ. ಈ ಸಾಲುಗಳನ್ನು ಒತ್ತಾಗಿ ಕೂಡಿಸುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಮಸುಕು ತೆಗೆಯುವ ಡೀಹೇಜ್ ಪಟ್ಟಿಯನ್ನು ಪೂರ್ತಿ ಎಳೆಯುವ ಚಟ ಹಲವರಿಗಿದೆ. ಮಂಜು ಬೇಕೆಂದು ಹೋಗಿ ಮಂಜನ್ನೇ ಅಳಿಸಿದ ಹಾಗಾಗುತ್ತದೆ, ಮೇಲಿಂದ ಕಾಳುಕಾಳಾದ ನಾಯ್ಸ್. 10ಕ್ಕಿಂತ ದಾಟಬೇಡಿ.

ಯಾವ ದಿನ ಹೋಗಬೇಕು? ರಾತ್ರಿ ಮೋಡವಿಲ್ಲದೆ ನಕ್ಷತ್ರ ಕಂಡು, ಗಾಳಿ ನಿಂತಿದ್ದರೆ ಮರುದಿನ ಗದ್ದೆ-ಹೊಳೆಯ ತಗ್ಗಿನಲ್ಲಿ ಮಂಜು ಕೂಡುವ ಸಾಧ್ಯತೆ ಹೆಚ್ಚು. ಮೋಡದ ರಾತ್ರಿ ನೆಲದ ಕಾವು ಮೇಲಕ್ಕೆ ಹೋಗುವುದಿಲ್ಲ, ಮಂಜೂ ಆಗುವುದಿಲ್ಲ, ಆರಾಮವಾಗಿ ಮಲಗಿ. ಮೇಲಿನಿಂದ ನೋಡಬೇಕೆನಿಸಿದರೆ ಪೊಸಡಿಗುಂಪೆ ಬೆಟ್ಟ ಇದೆ, ಆದರೆ ಬೆಳಕು ಹರಿಯುವ ಮೊದಲೇ ಮೇಲಿರಬೇಕು.

ಪ್ರಶ್ನೆ: ದೀಪಾವಳಿ ಕಳೆದು ಕೋಲ, ತೆಯ್ಯಂ, ಯಕ್ಷಗಾನ ಎಲ್ಲ ಶುರುವಾಯಿತು. ರಾತ್ರಿಯ ಫೋಟೋಗಳಲ್ಲಿ ಕೆಂಪು ಬಣ್ಣ ಒಂದೇ ಮುದ್ದೆಯಾಗುತ್ತದೆ. ಯಕ್ಷಗಾನದ ಆಟದ ಫೋಟೋಗಳಲ್ಲಿ ಅಡ್ಡ ಪಟ್ಟೆ ಬರುತ್ತದೆ.
– ಸ್ಟುಡಿಯೋ ಇಟ್ಟಿರುವವರು, ಮಂಜೇಶ್ವರ

ಉತ್ತರ: ಕೆಂಪಿನ ಕಥೆ ಮೊದಲು. ಸೂಟೆಯ (ಒಣ ತೆಂಗಿನ ಗರಿಯ ಪಂಜು) ಬೆಂಕಿ, ಹಳದಿ ಬಲ್ಬು ಎರಡರಲ್ಲೂ ಕೆಂಪು ಬೆಳಕೇ ಜಾಸ್ತಿ. ಅದು ಕೇಪುಳ ಹೂವಿನ ಮೇಲೆ, ಕೆಂಪು ಬಟ್ಟೆಯ ಮೇಲೆ ಬಿದ್ದಾಗ ಸೆನ್ಸರಿನ ಕೆಂಪು ಚಾನೆಲ್ ಬೇರೆ ಎರಡಕ್ಕಿಂತ ಮೊದಲು ತುಂಬಿ ಹರಿಯುತ್ತದೆ. ಸಾಮಾನ್ಯ ಹಿಸ್ಟೋಗ್ರಾಮ್ ಸರಿಯಾಗೇ ಕಾಣುತ್ತದೆ, ಅದೇ ಮೋಸ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿ ಕೆಂಪು ಗೆರೆಯನ್ನು ಮಾತ್ರ ನೋಡಿ. ಎಕ್ಸ್‌ಪೋಶರ್ ಮೈನಸ್ 0.7ರಿಂದ 1, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 3200-3800 ಕೆಲ್ವಿನ್‌ನಲ್ಲಿ ಕಟ್ಟಿಹಾಕಿ. ಆಟೋ ಬಿಟ್ಟರೆ ಸೂಟೆ ಹತ್ತಿರ ಬಂದಾಗೊಂದು, ದೂರ ಹೋದಾಗೊಂದು ಬಣ್ಣ. ಅರದಾಳವೆಂಬ ಹಳದಿ ಬಣ್ಣ ಬಳಿದ ಮುಖ ಬೂದಾಗುವುದು ಹೀಗೆಯೇ.

ಸೂಟೆಯ ಬೆಳಕು ಮಾತ್ರ ಇದ್ದಲ್ಲಿ 50 ಎಂ.ಎಂ. ಎಫ್/1.8, ಸೆಕೆಂಡಿನ 1/125, ಐಎಸ್‌ಒ 3200-6400. ಜೋರು ಕುಣಿತಕ್ಕೆ 1/250 ಬೇಕು. ಇಲ್ಲವೇ ಪೂರ್ತಿ ಉಲ್ಟಾ ಹೋಗಿ: 1/15ರಲ್ಲಿ ಪಾತ್ರಿಯ ಜೊತೆ ಕ್ಯಾಮೆರಾ ತಿರುಗಿಸಿದರೆ ಮುಖ ನಿಂತು ತೆಂಗಿನ ಎಳೆಗರಿಯ ಸಿರಿ ಚಕ್ರವಾಗುತ್ತದೆ. ಹತ್ತರಲ್ಲಿ ಒಂಬತ್ತು ಹಾಳಾಗಲಿ, ಒಂದು ಸಾಕು. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಬೆಂಕಿಯ ಬೆಳಕನ್ನು ಅದು ಕೊಲ್ಲುತ್ತದೆ, ನಡೆಯುತ್ತಿರುವ ಕಾರ್ಯಕ್ಕೂ ಅಡ್ಡಿ. ಮೊದಲೇ ಗುತ್ತಿನವರನ್ನೋ ತರವಾಡಿನ ಹಿರಿಯರನ್ನೋ ಕೇಳಿಕೊಂಡು, ಎಲ್ಲಿ ನಿಲ್ಲಬಹುದು, ಯಾವ ಹೊತ್ತಿನಲ್ಲಿ ತೆಗೆಯಬಾರದು ಎಂದು ತಿಳಿದುಕೊಳ್ಳಿ. ಬಣ್ಣ ಹಚ್ಚುವ ಜಾಗಕ್ಕೆ ಕರೆದರೆ ಮಾತ್ರ ಹೋಗುವುದು.

ಪಟ್ಟೆ ಬರುವುದು ದೀಪಗಳಿಂದ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಹಾಕಿ. 1/100ರಲ್ಲಿ ಧೀಂಗಿಣ (ವೇಷ ಹಾರಿ ಸುತ್ತುವ ಕುಣಿತ) ಅಲುಗುತ್ತದೆ ನಿಜ. ವೇಷ ನಿಂತು ಅರ್ಥ ಹೇಳುವ ಕ್ಷಣಕ್ಕೆ ಕಾಯಿರಿ. ಹಾಗೆ ನೋಡಿದರೆ ರಂಗಸ್ಥಳಕ್ಕಿಂತ ಬಣ್ಣ ಹಚ್ಚುವ ಚೌಕಿಯಲ್ಲೇ ಒಳ್ಳೆಯ ಚಿತ್ರಗಳಿವೆ.

ಪ್ರಶ್ನೆ: ಬೆಳಗ್ಗೆ ಚಳಿಯಲ್ಲಿ ರಾಗಿ ಮೆದೆ, ಕಣ ಎಲ್ಲ ತೆಗೆದು ದಿಂಬಂ ಘಾಟಿ ಇಳಿದು ಬಣ್ಣಾರಿಗೆ ಬರುವಷ್ಟರಲ್ಲಿ ಲೆನ್ಸ್ ಬೆವೆತಿರುತ್ತದೆ. ಒಳಗೂ ಹಬೆ ಇದ್ದಂತಿದೆ.
– ಶಿಕ್ಷಕಿ, ತಾಳವಾಡಿ

ಉತ್ತರ: ತಣ್ಣಗಾದ ಗಾಜಿಗೆ ಕೆಳಗಿನ ಬೆಚ್ಚನೆಯ ತೇವದ ಗಾಳಿ ತಾಗಿದರೆ ನೀರು ಕೂರುತ್ತದೆ. ಮೇಲಿರುವಾಗಲೇ ಕ್ಯಾಮೆರಾವನ್ನು ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ ಬ್ಯಾಗಿಗೆ ಸೇರಿಸಿ. 27 ತಿರುವು ಇಳಿದು ಕೆಳಗೆ ಬಂದ ಮೇಲೂ ಅರ್ಧ-ಮುಕ್ಕಾಲು ಗಂಟೆ ತೆರೆಯಬೇಡಿ. ನೀರು ಕವರಿನ ಹೊರಮೈ ಮೇಲೆ ಕೂರಲಿ. ಆಗಲೇ ಬೆವೆತಿದ್ದರೆ ಒರೆಸುವುದು, ಲೆನ್ಸ್ ಕಳಚುವುದು ಎರಡೂ ತಪ್ಪು. ಬೆವರು ಆರದೆ ಬ್ಯಾಗಿನಲ್ಲೇ ಮುಚ್ಚಿಟ್ಟರೆ ಫಂಗಸ್ ಹಿಡಿಯುತ್ತದೆ. ಮನೆಯಲ್ಲಿ ಬಿಗಿ ಮುಚ್ಚಳದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ಹೈಗ್ರೋಮೀಟರ್. ತೇವ 40-50 ಶೇಕಡಾ ಇರಲಿ. ನೀಲಿ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿ ಹಾಕುವವರಿದ್ದಾರೆ, ಅದರ ಪುಡಿ ಲೆನ್ಸಿನ ರಿಂಗಿಗೆ ಸೇರುತ್ತದೆ.

ಎರಡನೆಯ ಬ್ಯಾಟರಿ ಚಳಿ ತಾಗದಂತೆ ಅಂಗಿಯ ಒಳಜೇಬಿನಲ್ಲಿರಲಿ. ಘಾಟಿಯ ದಾರಿ ಹುಲಿ ಮೀಸಲು ಅರಣ್ಯದ್ದು, ನಡುವೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವ ಯೋಚನೆ ಬೇಡ.

ಪ್ರಶ್ನೆ: ಸೊಲ್ಲಾಪುರದ ಹಿಪ್ಪರಗಿ ಕೆರೆಗೆ ಚಳಿಗಾಲದಾಗ ಹೊರಗಿನ ಹಕ್ಕಿ ಬರ್ತಾವ. ನನ್ನ ಹತ್ರ 55-250 ಲೆನ್ಸ್ ಅಷ್ಟೇ ಐತಿ. ಹಕ್ಕಿ ಚುಕ್ಕಿ ಆಗಿ ಬರ್ತಾವ್ರಿ.
– ಅಕ್ಕಲಕೋಟೆಯ ಓದುಗರು

ಉತ್ತರ: ಚುಕ್ಕಿಯಾಗಿಯೇ ಬರಲಿ, ಆದರೆ ನೂರು ಚುಕ್ಕಿ ಒಟ್ಟಿಗೆ ಬರಲಿ. ಪಟ್ಟೆತಲೆ ಹೆಬ್ಬಾತುಗಳ ಹಿಂಡು ಬೆಳಗಿನ ಕೆಂಪು ಆಕಾಶದಲ್ಲಿ ಸಾಲುಗಟ್ಟಿದರೆ 250 ಎಂ.ಎಂ. ಧಾರಾಳವಾಯಿತು. ಕಂಟಿನ್ಯುವಸ್ ಫೋಕಸ್, 1/1600, ಎಫ್/5.6, ಐಎಸ್‌ಒ ಆಟೋ. ಬೆಳಕಿಗೆ ಎದುರಾಗಿ ನೆರಳುಚಿತ್ರ ಮಾಡುವುದಾದರೆ 1/1000 ಸಾಕು. ಹಕ್ಕಿಯ ಕಡೆ ನಡೆದು ಹೋಗಬೇಡಿ. ದಂಡೆಯಲ್ಲಿ ಕೂತು ಕಣ್ಮಟ್ಟ ನೀರಿಗೆ ಇಳಿಸಿ. ತಲೆ ಎತ್ತಿ ನಿಮ್ಮ ಕಡೆ ನೋಡತೊಡಗಿದವೆಂದರೆ ಹತ್ತಿರ ಬಂದದ್ದು ಹೆಚ್ಚಾಯಿತು ಎಂದೇ ತಿಳಿಯಿರಿ.

ಹಕ್ಕಿಗಿಂತ ನಿಮ್ಮ ಹೊಲದಲ್ಲೇ ಹೆಚ್ಚು ಇದೆ ಅನ್ನಿಸುತ್ತದೆ. ಹಿಂಗಾರಿ ಜೋಳ ಹಾಲುಗಾಳಾದಾಗ ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು ಸೀತನಿ (ಸುಟ್ಟ ಎಳೆ ಕಾಳು) ಬಡಿಯುತ್ತೀರಲ್ಲ, ಸಂಜೆ ಐದರ ಬಳಿಕ ಆ ಹೊಗೆಯನ್ನು ಸೂರ್ಯನ ಎದುರು ಇಟ್ಟು ತೆಗೆಯಿರಿ. ಕಾಳು ಉದುರಿಸುವ ಅಂಗೈಗೆ 55 ಎಂ.ಎಂ., 1/500. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಎಡೆ ಚೆಲ್ಲುವ ಚರಗ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಎತ್ತರದ ಕೋಲು ನಂದಿಧ್ವಜ ಎರಡೂ ಈ ಕಾಲದವೇ. ನಂದಿಧ್ವಜಕ್ಕೆ ಮೊಬೈಲಿನ ವೈಡ್ ಲೆನ್ಸ್, ಉದ್ದುದ್ದ ಹಿಡಿದು.

ಪ್ರಶ್ನೆ: ನಕ್ಷತ್ರಗಳ ಫೋಟೋಗೆ ಚಳಿಗಾಲ ಒಳ್ಳೆಯದೇ? 18-55 ಕಿಟ್ ಲೆನ್ಸ್ ಇದೆ.
– ಮಡಕಶಿರಾ

ಉತ್ತರ: ಈಶಾನ್ಯ ಮಳೆ ಮುಗಿದ ಮೇಲೆ ಒಳ್ಳೆಯದು. ಡಿಸೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಪೂರ್ವದಲ್ಲಿ ಚೆನ್ನಾಗಿ ಏರಿರುತ್ತಾನೆ. ಅಮಾವಾಸ್ಯೆಯ ಆಚೀಚೆ ಹೋಗಿ. 18 ಎಂ.ಎಂ., ಎಫ್/3.5, ಐಎಸ್‌ಒ 3200, 15 ಸೆಕೆಂಡ್. ಅದಕ್ಕಿಂತ ಹೆಚ್ಚಾದರೆ ಚುಕ್ಕಿ ಗೆರೆಯಾಗುತ್ತದೆ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆಫ್, ಎರಡು ಸೆಕೆಂಡಿನ ಟೈಮರ್ ಆನ್. ಫೋಕಸ್ ರಿಂಗನ್ನು ಕೊನೆಯವರೆಗೆ ತಿರುಗಿಸಿ ಅನಂತ ಎಂದುಕೊಳ್ಳಬೇಡಿ, ಹಲವು ಲೆನ್ಸುಗಳು ಅದನ್ನೂ ದಾಟಿ ತಿರುಗುತ್ತವೆ. ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯ ಮೇಲೆ) ರೋಹಿಣಿ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಚುಕ್ಕಿ ಅತ್ಯಂತ ಸಣ್ಣದಾಗುವಲ್ಲಿಗೆ ನಿಲ್ಲಿಸಿ, ರಿಂಗಿನ ಮೇಲೆ ತುಂಡು ಟೇಪ್ ಅಂಟಿಸಿ.